ಎರಡೂವರೆ ಸೆಕೆಂಡು

ಅಣ್ಣ ಆಗಲೇ ಬೋಲ್ಟಿಗೆ ಸ್ಪ್ಯಾನರು ಹಾಕಿ ಒಂದು ಸುತ್ತು ತಿರುಗಿಸಿಬಿಟ್ಟಿದ್ದ. ತಂಗಿ ಓಡಿ ಬಂದು ಅವನ ಮಣಿಕಟ್ಟು ಹಿಡಿದಳು.

"ಬಿಚ್ಚಬೇಡ ಅಣ್ಣಾ! ಚಂದ್ರ ಬಂದಿದ್ದಾನೆ, ನೋಡು!"

ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ, ಹಾಡಹಗಲಲ್ಲೇ, ಬಿಳಿಚಿಕೊಂಡ ಅರ್ಧಚಂದ್ರ. ಅಂಗಳದಲ್ಲಿ ಅಪ್ಪ ತಂತಿಬಲೆ ಬಿಗಿದು ಕಟ್ಟಿದ ಎರಡಾಳಗಲದ ಬುಟ್ಟಿ ಆಂಟೆನಾ. ಒಳಗೆ ಪಡಸಾಲೆಯಲ್ಲಿ, ನಿನ್ನೆ ತೀರಿಕೊಂಡ ಅಪ್ಪ.

"ತಲೆ ಕೆಟ್ಟಿದೆಯೇನೇ? ಇದು ಬಾಗಿಲಿಗೇ ಅಡ್ಡ. ನಾಲ್ಕಕ್ಕೆ ಗಾಡಿ ಬರುತ್ತೆ, ಅಪ್ಪನ್ನ ಹೇಗೆ ಆಚೆ ತರೋದು?"

"ಬಿಚ್ಚಿದ್ರೆ ಮತ್ತೆ ಯಾರು ಕಟ್ತಾರೆ? ಅಪ್ಪ ಕೊನೇ ವಾರವೆಲ್ಲ ಕೂತು, ಚಂದ್ರನಿಂದ ಮರಳೋ ಸದ್ದು ಹಿಡಿಯೋಕೆ ಹೊಸ ಆಂಪ್ಲಿಫೈಯರ್ ಮಾಡಿದ್ರು. ಒಂದೇ ಒಂದು ಬೆಸುಗೆ ಉಳಿದಿತ್ತು. ಬೆಳಿಗ್ಗೆ ನಾನು ಹಾಕ್ದೆ. ಹತ್ತೇ ನಿಮಿಷ ಕೊಡು!"

ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನೆಂಟರು ಯಾರೂ ಕಂಡಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪನ ರೇಡಿಯೊ ರಿಪೇರಿ ಅಂಗಡಿಯ ಮೂಲೆಯಲ್ಲಿ ಕೂತು, ನೋಡಿ ನೋಡಿಯೇ ಕಲಿತವಳು. ಹವ್ಯಾಸಿ ರೇಡಿಯೊದ ಲೈಸೆನ್ಸನ್ನೂ ಸದ್ದಿಲ್ಲದೆ ಪಡೆದಿದ್ದಳು.

"ಚಂದ್ರನ ಜೊತೆ ಮಾತಾಡೋಕೆ ಇದೇ ಹೊತ್ತು ಸಿಕ್ತಾ?" ಚಿಕ್ಕಪ್ಪ ಗೊಣಗಿದ. "ಮೂರು ವರ್ಷದ ಹಿಂದೆ ಮಾನ ಹೋಗಿದ್ದು ಸಾಲದಾ?"

*

ಆ ದಿನ ಅಪ್ಪ ರೇಡಿಯೊದಲ್ಲಿ ಚಂದ್ರನ ಕಡೆಗೆ 'ಟಿಕ್' ಎಂದು ಕಳಿಸಿದ್ದೇ ತಡ, ಸ್ಪೀಕರಿನಲ್ಲಿ 'ಟಿಕ್' ಎಂದು ಮರಳಿತ್ತು. ಚಂದ್ರನಿಂದ ಪ್ರತಿಧ್ವನಿ! ಬೀದಿಯವರೆಲ್ಲ ಬಂದು ಅಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೆಗಲ ಮೇಲಿದ್ದ ಅಪ್ಪನ ನಗು ಥಟ್ಟನೆ ನಿಂತಿತು.

"ಇಳಿಸ್ರೋ. ಅದು ಅರ್ಧ ಸೆಕೆಂಡಿಗೇ ಬಂತಲ್ಲ?"

"ಬೇಗ ಬಂದ್ರೆ ಒಳ್ಳೇದೇ ಅಲ್ವೇನಣ್ಣ? ನಿನ್ನ ಮಿಷನ್ನು ಅಷ್ಟು ಜೋರು!" ಎಂದಿದ್ದ ಚಿಕ್ಕಪ್ಪ.

"ಜೋರಾಗಿ ಕೂಗಿದ್ರೆ ದೂರ ಕೇಳುತ್ತೆ ಕಣೋ, ಬೇಗ ಕೇಳಲ್ಲ. ರೇಡಿಯೊ ಅಂದ್ರೂ ಬೆಳಕೇ, ಕಣ್ಣಿಗೆ ಕಾಣಲ್ಲ ಅಷ್ಟೆ. ಬೆಳಕಿಗೆ ತನ್ನನ್ನೇ ಹಿಂದೆ ಹಾಕಿ ಓಡೋಕಾಗುತ್ತಾ? ಚಂದ್ರನಿಗೆ ಹೋಗಿ ಬರೋಕೆ ಬೆಳಕಿಗೇ ಎರಡೂವರೆ ಸೆಕೆಂಡು ಬೇಕು."

ಪಕ್ಕದಲ್ಲಿದ್ದ ಟೇಪ್ ರೆಕಾರ್ಡರು ಅಪ್ಪನ ಟಿಕ್ಕನ್ನೇ ಹಿಡಿದು ಚೂರು ತಡವಾಗಿ ನುಡಿಸಿತ್ತು. ಮರುದಿನ ಅಪ್ಪ ಮನೆಮನೆಗೂ ಹೋಗಿ "ಅದು ಚಂದ್ರನದ್ದಲ್ಲ" ಎಂದು ತಾವೇ ಹೇಳಿ ಬಂದರು. ಬೀದಿ ವರ್ಷವಿಡೀ ನಕ್ಕಿತು.

*

"ಹತ್ತು ನಿಮಿಷ. ಹನ್ನೊಂದಾಗಬಾರದು," ಎಂದ ಅಣ್ಣ.

ಅವಳು ಅಪ್ಪನ ಸ್ಟಾಪ್‌ವಾಚನ್ನು ಅವನ ಕೈಗಿಟ್ಟಳು. ಸ್ಪೀಕರನ್ನು ಕಿಟಕಿಯಲ್ಲಿ, ಅಪ್ಪನ ತಲೆಯ ಬಳಿ ಇಟ್ಟಳು. ಸಂಕೇತ ಕಳಿಸುವ ಗುಂಡಿ ಒತ್ತಿದಳು. ಟಿಕ್. ಬರೀ ಸೊಂಯ್ ಸದ್ದು. ಇನ್ನೊಮ್ಮೆ. ಸೊಂಯ್.

"ಎಂಟು ನಿಮಿಷ ಆಯ್ತು," ಎಂದ ಅಣ್ಣ, ತನ್ನ ಕೈಗಡಿಯಾರ ನೋಡಿ, ಮೆಲ್ಲಗೆ.

ಅವಳು ಅಂಗಳದ ಕಡೆ ನೋಡಿದಳು. ಬುಟ್ಟಿ ಒಂದು ಗೇಣು ಜೋತುಬಿದ್ದಿತ್ತು.

"ನೀನು ಸಡಿಲಿಸಿದ ಬೋಲ್ಟು ಅಣ್ಣಾ! ಚಿಕ್ಕಪ್ಪಾ, ಎತ್ತಿ! ಇನ್ನೂ ಸ್ವಲ್ಪ... ಹಾಂ, ಹಾಗೇ!"

ಚಿಕ್ಕಪ್ಪ ಬುಟ್ಟಿಯ ಅಂಚಿಗೆ ಹೆಗಲು ಕೊಟ್ಟ. ಟಿಕ್. ಅಣ್ಣ ಸ್ಟಾಪ್‌ವಾಚಿನ ಗುಂಡಿ ಒತ್ತಿದ.

"ಬಂತಾ?" ಎಂದ ತಡೆಯಲಾರದೆ.

ಅವಳು ಕೈ ಎತ್ತಿ ಸುಮ್ಮನಿರಿಸಿದಳು. ಪಡಸಾಲೆಯಲ್ಲಿ ಅಳುತ್ತಿದ್ದವರೂ ಕಿಟಕಿಯತ್ತ ತಿರುಗಿದರು.

ಟಿಕ್.

ಸಣ್ಣಗೆ, ಸೊಂಯ್ ಸದ್ದಿನೊಳಗಿಂದ. ಅಣ್ಣನ ಹೆಬ್ಬೆರಳು ಮತ್ತೆ ಗುಂಡಿ ಅದುಮಿತ್ತು. ಅವನು ಮುಳ್ಳು ನೋಡಿದ, ಸ್ಟಾಪ್‌ವಾಚನ್ನು ಅಪ್ಪನ ಮುಖದ ಹತ್ತಿರ ಹಿಡಿದ. "ಎರಡೂವರೆ ಅಪ್ಪಾ! ಸರಿಯಾಗಿ ಎರಡೂವರೆ!"

ನಾಲ್ಕಕ್ಕೆ ಗಾಡಿ ಬಂತು. ಸ್ಪ್ಯಾನರು ಕಟ್ಟೆಯ ಮೇಲೇ ಬಿದ್ದಿತ್ತು. ಚಿಕ್ಕಪ್ಪ ಎರಡೂ ಕೈಯಿಂದ ಬುಟ್ಟಿಯನ್ನು ಚಂದ್ರನ ಕಡೆಗೇ ಎತ್ತಿ ಹಿಡಿದು ನಿಂತ. ಹೊತ್ತವರು ಮಂಡಿ ಬಗ್ಗಿಸಿ ಅದರಡಿಯಿಂದ ಅಪ್ಪನನ್ನು ನಿಧಾನವಾಗಿ ಬೀದಿಗೆ ದಾಟಿಸಿದರು.