ಹಳದಿ ಹಿಡಿಕೆ

ಟೀ ಮೇಲೆ ಕೆನೆ ಕಟ್ಟಿದೆ, ಕಪ್ಪಿನ ಅಂಚಿಗೆ ಅಂಟಿ ಸುಕ್ಕಾಗಿದೆ, ಕುಡಿದರೆ ತುಟಿಗೆ ಮೆತ್ತುತ್ತದೆ, ಕುಡಿಯದಿದ್ದರೆ ಕೈಗೆ ಕೆಲಸವಿಲ್ಲ, ಮೇಜಿನಾಚೆ ಮೂವರು ಕಾಗದ ತಿರುವುತ್ತಿದ್ದಾರೆ, ನಡುವೆ ಕೂತವನು ನನ್ನ ಕೈಕೆಳಗೇ ನಟ್ಟು ಬಿಗಿಯಲು ಕಲಿತವನು, ಈಗ ಮ್ಯಾನೇಜರ್, ನಾನು ಇನ್ನೂ ಅದೇ ಫೋರ್‌ಮನ್, ಆದರೂ ಅಣ್ಣಾ ಅನ್ನುವುದನ್ನು ಅವನು ಬಿಟ್ಟಿಲ್ಲ, ಹೇಳಿ ಅಣ್ಣಾ, ನೀವಿಲ್ಲದ ದಿನ ವರ್ಕ್‌ಶಾಪ್ ಹೇಗೆ ನಡಿಯುತ್ತೆ — ನಡೆಯುವುದಿಲ್ಲ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಕೆಳಗೆ ಶೆಡ್ಡಿನ ಮುಂದೆ ಬಸ್ಸೊಂದರ ಇಂಜಿನ್ ಶುರುವಾಯಿತು, ಕಿವಿ ಅತ್ತ ಓಡಿತು, ಕಟ್, ಕಟ್ ಕಟ್, ಒಳಗೇನೋ ಬಡಿಯುತ್ತಿದೆ, ಹೋದ ಸಲವೂ ಹೀಗೆಯೇ, ಇದೇ ಕೋಣೆ, ವರ್ಕ್‌ಶಾಪ್ ಮುಖ್ಯಸ್ಥನ ಇದೇ ಹುದ್ದೆಯ ಇಂಟರ್‌ವ್ಯೂ, ಒಂದು ನಿಮಿಷ ಸಾರ್ ಎಂದು ಎದ್ದು ಮೆಟ್ಟಿಲಿಳಿದೆ, ಬಾನೆಟ್ಟಿನೊಳಗೆ ತಲೆ ಹಾಕಿದೆ, ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ವಾಪಸು ಬಂದರೆ ಇಲ್ಲಿ ಕುರ್ಚಿಗಳು ಖಾಲಿ, ಫ್ಯಾನು ಮಾತ್ರ ತಿರುಗುತ್ತಿತ್ತು, ಮನೆಯಲ್ಲಿ ಹೇಳಿದಾಗ ಹೆಂಡತಿ ನಕ್ಕಳು, ರೀ, ಆ ಬಸ್ಸನ್ನೇ ಕಟ್ಕೋಬೇಕಿತ್ತು ನೀವು, ನಂಗೂ ಆರಾಮಿರ್ತಿತ್ತು, ಆಮೇಲೆ ತಟ್ಟೆ ತೊಳೆಯುತ್ತ ಬೆನ್ನು ತಿರುಗಿಸಿಯೇ ಕೇಳಿದಳು, ಯಾರಿಗೂ ಕಲಿಸಿಲ್ವಾ ನೀವು, ಎಲ್ಲಾ ಕಲಿಸಿದೀನಿ ಕಣೇ — ಅದೊಂದು ಬಿಟ್ಟು, ಹಳದಿ ಹಿಡಿಕೆಯ ಉದ್ದನೆಯ ಸ್ಕ್ರೂಡ್ರೈವರ್, ತುದಿಯನ್ನು ಓಡುವ ಇಂಜಿನ್ನಿಗಿಟ್ಟು ಹಿಡಿಕೆಯನ್ನು ಕಿವಿಗೊತ್ತಿದರೆ ಒಳಗಿನದೆಲ್ಲ ಕೇಳುತ್ತದೆ, ಯಾವ ಬೇರಿಂಗ್ ಸವೆದಿದೆ, ಯಾವುದು ಸುಮ್ಮನೆ ಗೊಣಗುತ್ತಿದೆ, ಅದು ನನ್ನ ಜೇಬು ಬಿಟ್ಟು ಕದಲಿದ್ದೇ ಇಲ್ಲ, ಫೋರ್‌ಮನ್ ಕೇಳಿ ತಲೆಯಾಡಿಸಿದರೇನೇ ಬಸ್ಸು ಗೇಟು ದಾಟಬೇಕು, ಯಾರು ಮಾಡಿದ ಕಾನೂನು, ನಾನೇ, ಜ್ವರ ಬಂದಾಗ ಕಂಬಳಿ ಹೊದ್ದು ಫೋನಿನಲ್ಲಿ ಇಂಜಿನ್ ಕೇಳಿಸಿಕೊಂಡೆ, ಎಷ್ಟು ಹೆಮ್ಮೆ, ಥೂ, ಜೊತೆಗೆ ಸೇರಿದವರೆಲ್ಲ ಮೇಲೆ ಹೋದರು, ನಾನು ಗೂಟಕ್ಕೆ ಕಟ್ಟಿದ ದನ, ಗೂಟ ಹೊಡೆದವನೂ ನಾನೇ.

ಇವತ್ತು ಬೆಳಗ್ಗೆ ಆ ಸ್ಕ್ರೂಡ್ರೈವರನ್ನು ಗುಬ್ಬಿಯ ಕೈಗೆ ಕೊಟ್ಟೆ, ಗುಬ್ಬಿ ನಮ್ಮ ಹಿರಿಯ ಫಿಟ್ಟರ್, ಆಳು ಗಿಡ್ಡ, ನಾಲಗೆ ಉದ್ದ, ಎರಡು ಮಕ್ಕಳ ತಾಯಿ, ಹಾವು ಕೊಟ್ಟ ಹಾಗೆ ನೋಡಿದಳು, ಏನ್ ಸಾರ್, ಸಾಯೋಕೆ ಹೊರಟಿದೀರಾ, ಇಲ್ಲ ಕಣಮ್ಮ, ಇಂಟರ್‌ವ್ಯೂಗೆ, ಎರಡೂ ಒಂದೇ ಬಿಡಿ, ನಾನು ಹೇಳಿದ್ದು ತಪ್ಪಾದ್ರೆ, ತಪ್ಪಾಗ್ಲಿ ಎಂದೆ — ಕಟ್ ಕಟ್, ಟ್ಯಾಪೆಟ್ ಸಡಿಲವಾಗಿರಬೇಕು, ಏನೂ ಆಗುವುದಿಲ್ಲ, ಬಿಡಬಹುದು, ಬೇರಿಂಗ್ ಆಗಿದ್ದರೆ, ತುಂಬಿದ ಬಸ್ಸು ನಡುದಾರಿಯಲ್ಲಿ ಸತ್ತರೆ, ಕಾಲು ಆಗಲೇ ಕುರ್ಚಿಯ ಕೆಳಗೆ ಮೆಟ್ಟಿಲು ಹುಡುಕುತ್ತಿದೆ, ಪಕ್ಕದ ಕಿಟಕಿಯಲ್ಲಿ ಗುಬ್ಬಿ ಕಾಣುತ್ತಾಳೆ, ಸ್ಟೂಲಿನ ಮೇಲೆ ನಿಂತು ಇಂಜಿನ್ನಿನೊಳಗೆ ಬಗ್ಗಿದ್ದಾಳೆ, ಹಳದಿ ಹಿಡಿಕೆ ಅವಳ ಕಿವಿಗೆ, ಡ್ರೈವರ್ ಸೀಟಿನಿಂದ ಕತ್ತು ಹೊರಹಾಕಿ ಅವಸರ ಮಾಡುತ್ತಿದ್ದಾನೆ, ಬಿಡಮ್ಮಾ ತಾಯಿ ಅನ್ನುತ್ತಿರಬೇಕು, ಅವಳು ತಲೆಯೆತ್ತಿ ಈ ಕಿಟಕಿ ನೋಡುತ್ತಾಳೆ, ನನ್ನನ್ನೇ, ಗದ್ದ ಇಷ್ಟು ಅಲುಗಿದರೆ ಸಾಕು, ಹೋಗಲಿ ಎಂದೋ ಬೇಡ ಎಂದೋ, ನನ್ನ ಎರಡೂ ಕೈ ತೊಡೆಯ ಕೆಳಗೆ, ಗದ್ದ ಕಲ್ಲು, ಅವಳ ಬಾಯಿ ಏನೋ ಬೈಯುತ್ತದೆ, ನನ್ನನ್ನೇ ಇರಬೇಕು, ಮತ್ತೆ ಬಗ್ಗಿದಳು, ಕಣ್ಣು ಮುಚ್ಚಿದಳು — ಕೈಯೆತ್ತಿದಳು, ಇಂಜಿನ್ ನಿಂತಿತು, ಬಸ್ಸು ಹೋಗುವುದಿಲ್ಲ, ನಾನಾಗಿದ್ದರೆ ಬಿಡುತ್ತಿದ್ದೆ, ಬಿಡುತ್ತಿದ್ದೆನಾ, ಅವಳದು ಸರಿಯೋ ನನ್ನದೋ, ಓಡಿಹೋಗಿ ಕಿವಿಯಿಟ್ಟರೆ ಗೊತ್ತಾಗುತ್ತದೆ, ಓಡಿಹೋದರೆ ಮತ್ತೆ ಬರೀ ಫ್ಯಾನು, ಅಣ್ಣಾ, ಕೇಳಿದ್ದಕ್ಕೆ ಉತ್ತರ ಹೇಳಲಿಲ್ಲ ನೀವು, ನೀವಿಲ್ಲದ ದಿನ — ಇವತ್ತು ನಾನಿಲ್ಲ ಸಾರ್, ಎಂದೆ, ಅಲ್ಲಿ ನೋಡಿ, ಮೂವರೂ ಎದ್ದು ಕಿಟಕಿಗೆ ಬಗ್ಗಿದರು, ಕೂತೇ ಇರುವವನು ನಾನೊಬ್ಬನೇ, ಡ್ರೈವರ್ ಕೆಳಗಿಳಿದು ಕೂಗಾಡುತ್ತಿದ್ದಾನೆ, ಅವಳು ಸೊಪ್ಪು ಹಾಕುವುದಿಲ್ಲ, ಇನ್ನೊಂದು ಬಸ್ಸನ್ನು ಕರೆಯುತ್ತಿದ್ದಾಳೆ, ಮೇಲೆ ನೋಡುವುದಿಲ್ಲ, ಒಂದು ಸಲವಾದರೂ ನೋಡಲಿ, ನೋಡುವುದಿಲ್ಲ, ನನ್ನ ಕೈ ಜೇಬು ತಡಕಿತು, ಖಾಲಿ, ಅವಳ ಜೇಬಿನಿಂದ ಮೇಲೆದ್ದು ನಿಂತಿದೆ, ಹಳದಿ ಹಿಡಿಕೆ, ನಡೆದಾಗ ಅವಳ ಸೊಂಟಕ್ಕೆ ತಾಗುತ್ತಿದೆ, ಹಳದಿ ಹಿಡಿಕೆ, ಅವಳ ಜೇಬಿನಲ್ಲಿ.