ಬ್ರೇಕಮ್ಮ ಕಲಿತ ಮರ್ಯಾದೆ

ಡ್ರೈವಿಂಗ್ ಸ್ಕೂಲಿನ ಮೇಡಂಗೆ ಬ್ರೇಕಮ್ಮ ಎಂದು ಹೆಸರಿಟ್ಟವರು ಅವಳ ಹತ್ತಿರ ಕಾರು ಕಲಿತವರೇ. ಕಲಿಯುವವರ ಕಾಲ ಕೆಳಗೊಂದು ಬ್ರೇಕು, ಪಕ್ಕದಲ್ಲಿ ಕೂತ ಅವಳ ಕಾಲ ಕೆಳಗೊಂದು ಬ್ರೇಕು. ಕಲಿಯುವವನಿಗೆ ಎದುರಿನ ಲಾರಿ ಕಾಣುವ ಮೊದಲೇ ಅವಳ ಕಾಲು ತನ್ನ ಕೆಲಸ ಮುಗಿಸಿರುತ್ತಿತ್ತು, ಬಾಯಿಯೂ ಮುಗಿಸಿರುತ್ತಿತ್ತು. ಕಾಲಿಗಿರುವ ಬ್ರೇಕು ಬಾಯಿಗಿಲ್ಲ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೆ ಆಡುವ ಧೈರ್ಯ ಯಾರಿಗಿತ್ತು ಹೇಳಿ? ಲೈಸೆನ್ಸು ಬೇಕಿತ್ತಲ್ಲ.

ಇಂಥವಳು ಐವತ್ತು ದಾಟಿದ ಮೇಲೆ ಗಾಲ್ಫ್ ಕಲಿಯಲು ಹೊರಟರೆ ನಗದವರಿದ್ದಾರೆಯೇ? ಗಂಡ ನಕ್ಕ. ಮಗಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ನಗುವವರು ನಗಲಿ, ಹಲ್ಲಿಗೂ ಗಾಳಿ ಬೆಳಕು ಬೇಕು ಎಂದು ಬ್ರೇಕಮ್ಮ ಹೊಸ ಶೂಸಿನ ದಾರ ಬಿಗಿದುಕೊಂಡು ಹೊರಟೇಬಿಟ್ಟಳು. ಅವಳಿಗೆ ಬೇಕಾಗಿದ್ದದ್ದು ಗಾಲ್ಫ್ ಅಲ್ಲವೇ ಅಲ್ಲ. ಅವಳಿಗೆ ಬೇಕಾಗಿದ್ದದ್ದು ಅಣ್ಣ.

ಅಣ್ಣ ಹಡಗಿನ ಇಂಜಿನಿಯರಾಗಿದ್ದು ನಿವೃತ್ತನಾದವನು. ಆಮೇಲೆ ಅದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಮನೆ ಮಾಡಿದ್ದ. ತಂಗಿಯ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಪೂರ್ತಿ ಬಿಟ್ಟಿದ್ದರೆ ಅದೊಂದು ತರಹ. ಅವನು ಫೋನು ಎತ್ತುತ್ತಿದ್ದ, ಹೂಂ ಎನ್ನುತ್ತಿದ್ದ, ಸರಿ ಎನ್ನುತ್ತಿದ್ದ, ಇಟ್ಟುಬಿಡುತ್ತಿದ್ದ. ಕಿರುಚಾಡಿದ್ದರೆ ಬ್ರೇಕಮ್ಮ ಎರಡರಷ್ಟು ಕಿರುಚಾಡಿ ಗೆದ್ದುಕೊಂಡು ಬರುತ್ತಿದ್ದಳು. ಹೂಂ ಎನ್ನುವವನ ಜೊತೆ ಜಗಳವಾಡಿ ಗೆದ್ದವರು ಯಾರಿದ್ದಾರೆ!

ಕಾರಣ ಅಮ್ಮನ ಕೋಣೆ. ಅಮ್ಮ ಕೊನೆಯ ತನಕ ಇದ್ದದ್ದು ಬ್ರೇಕಮ್ಮನ ಮನೆಯ ಮಹಡಿಯ ಕೋಣೆಯಲ್ಲಿ. ಅವಳು ತೀರಿಕೊಂಡಾಗ ಅಣ್ಣ ನಡುಸಮುದ್ರದಲ್ಲಿದ್ದ. ಹಡಗು ದಡ ಮುಟ್ಟಿ ಅವನು ಮನೆಗೆ ಬರುವಷ್ಟರಲ್ಲಿ ವಾರವೇ ಕಳೆದಿತ್ತು. ಆ ವಾರ ಬ್ರೇಕಮ್ಮನ ಕೈ ಒಂದು ಗಳಿಗೆ ಸುಮ್ಮನಿರಲಿಲ್ಲ. ಸುಮ್ಮನಿದ್ದರೆ ಅಳು ಒತ್ತರಿಸಿಕೊಂಡು ಬರುತ್ತಿತ್ತು. ಮಂಚವನ್ನು ಆಸ್ಪತ್ರೆಗೆ ಕೊಟ್ಟಳು, ಬಟ್ಟೆಬರೆಯನ್ನು ವೃದ್ಧಾಶ್ರಮಕ್ಕೆ ಕೊಟ್ಟಳು, ಉಳಿದದ್ದನ್ನು ಕೇಳಿದವರಿಗೆ ಎತ್ತಿ ಕೊಟ್ಟಳು. ಗೋಡೆಗೆ ಬಿಳಿ ಬಣ್ಣ ಹೊಡೆಸಿ, ಹೊಸ ಹಾಸಿಗೆ ಹಾಕಿಸಿ, ಅಣ್ಣ ಬಂದು ಆರಾಮಾಗಿ ಮಲಗಲಿ ಎಂದು ಫ್ಯಾನಿನ ರೆಕ್ಕೆಯನ್ನೂ ಒರೆಸಿಟ್ಟಳು. ಅಣ್ಣ ಬಂದ, ಬಾಗಿಲು ತೆರೆದ, ಹೊಸ ಬಣ್ಣದ ವಾಸನೆಯಲ್ಲಿ ಸ್ವಲ್ಪ ಹೊತ್ತು ನಿಂತ. ನನ್ನನ್ನು ಒಂದು ಮಾತು ಕೇಳಲಿಲ್ಲ ನೀನು ಎಂದವನೇ ಸೂಟ್‌ಕೇಸು ಎತ್ತಿಕೊಂಡು ಹೋಟೆಲಿಗೆ ಹೋದ. ಆಮೇಲೆ ಉಳಿದದ್ದು ಆ ಹೂಂ ಮಾತ್ರ.

ತಾನು ಮಾಡಿದ್ದು ತಪ್ಪು ಎಂದು ಬ್ರೇಕಮ್ಮನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಇವನಿಗಾಗಿ ಸೊಂಟ ಮುರಿದುಕೊಂಡು ದುಡಿದರೆ ಇವನೇ ಮುಖ ತಿರುಗಿಸಿದನಲ್ಲ ಎಂದು ಸಿಟ್ಟೇ ಇತ್ತು. ಆದರೆ ಈಚೆಗೆ ಅತ್ತಿಗೆ ಗುಟ್ಟಾಗಿ ಫೋನು ಮಾಡಿದಳು. ನಿಮ್ಮಣ್ಣ ಈ ಊರೇ ಬೇಡ ಅಂತ ದೂರದ ಬಂದರಿನ ಊರಲ್ಲಿ ಮನೆ ನೋಡಿದ್ದಾರೆ, ಸಾಮಾನು ಕಟ್ಟುತ್ತಾ ಇದ್ದೀವಿ ಎಂದಳು. ಬ್ರೇಕಮ್ಮನ ಮೂರು ವರ್ಷದ ಸಿಟ್ಟು ಎಲ್ಲಿ ಹೋಯಿತೋ, ಆ ಜಾಗಕ್ಕೆ ಭಯ ಬಂದು ಕೂತಿತು. ಒಮ್ಮೆ ಹೋದನೆಂದರೆ ಮತ್ತೆ ಕೈಗೆ ಸಿಗುವವನಲ್ಲ. ಹೋಗುವ ಮೊದಲು ಎಲ್ಲಿ ಸಿಗುತ್ತಾನೆ ಎಂದು ಕೇಳಿದಳು. ಇನ್ನೆಲ್ಲಿ, ಬೆಳಗಾದರೆ ಗಾಲ್ಫ್ ಮೈದಾನದಲ್ಲಿ ಎಂದಳು ಅತ್ತಿಗೆ.

ಆ ಕ್ಲಬ್ಬಿನಲ್ಲೊಂದು ಪದ್ಧತಿ ಇತ್ತು. ತರಬೇತಿ ಮುಗಿಸಿದ ಹೊಸಬರು ಹಳೆಯ ಸದಸ್ಯರೊಬ್ಬರ ಜೊತೆ ಒಂದು ಸುತ್ತು ಆಡಬೇಕು. ಯಾರ ಜೊತೆ ಎಂದು ಹೊಸಬರೇ ಕೇಳಬಹುದು, ಕೇಳಿದರೆ ಹಳಬರು ಒಲ್ಲೆ ಎನ್ನಬಾರದು. ಒಲ್ಲೆ ಎನ್ನುವುದು ಮರ್ಯಾದೆಯಲ್ಲ. ಒಡಹುಟ್ಟಿದವಳನ್ನು ಬಿಟ್ಟರೂ ಬಿಟ್ಟಾನು, ಆಟದ ಮರ್ಯಾದೆ ಬಿಡುವ ಪೈಕಿಯಲ್ಲ ತನ್ನಣ್ಣ ಎಂದು ಬ್ರೇಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಸುತ್ತೆಂದರೆ ಅರ್ಧ ದಿನ. ಅಷ್ಟು ಹೊತ್ತು ತನ್ನ ಪಕ್ಕದಲ್ಲಿ ನಡೆಯಬೇಕು, ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲ. ಬಾಯಿ ಬಿಡಿಸದಿದ್ದರೆ ಕೇಳಿ ಎಂದುಕೊಂಡು ಹೆಸರು ನೋಂದಾಯಿಸಿದಳು.

ಕೋಚ್ ತೆಳ್ಳಗಿನ, ಮೆತ್ತಗೆ ಮಾತಾಡುವ ಹುಡುಗಿ. ಹೊಡೆಯುವುದನ್ನು ಆಮೇಲೆ ಕಲಿಯಿರಿ ಮೇಡಂ, ಮೊದಲು ನಿಲ್ಲುವುದನ್ನು ಕಲಿಯಿರಿ ಎಂದು ಶುರು ಮಾಡಿದಳು. ಚೆಂಡು ಬೀಳಿಸುವ ಗುಂಡಿಯಿಂದ ಯಾರ ಚೆಂಡು ದೂರವೋ ಅವರೇ ಮೊದಲು ಆಡಬೇಕು. ಹೊಡೆತಕ್ಕೆ ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ಮತ್ತೆ ಅಲ್ಲೇ ಇಟ್ಟು ತುಳಿಯಬೇಕು. ಮರಳಿನ ಹೊಂಡಕ್ಕೆ ಇಳಿದರೆ ಹೊರಗೆ ಬರುವಾಗ ನಿಮ್ಮ ಹೆಜ್ಜೆ ನೀವೇ ಅಳಿಸಬೇಕು. ಇದೆಲ್ಲ ಟ್ರಾಫಿಕ್ ರೂಲ್ಸೇ ಅಲ್ಲವಾ ಎಂದು ಬ್ರೇಕಮ್ಮ ಒಂದೇ ಏಟಿಗೆ ಕಲಿತುಬಿಟ್ಟಳು. ಚೆಂಡು ಜನರ ಕಡೆ ಹೋದರೆ 'ಫೋರ್' ಎಂದು ಕೂಗಿ ಎಚ್ಚರಿಸಬೇಕು ಎಂದದ್ದೇ ತಡ, ಒಮ್ಮೆ ಕೂಗಿ ತೋರಿಸಿದಳು. ಆಚೆ ಟೆನಿಸ್ ಆಡುತ್ತಿದ್ದವರೂ ತಲೆ ಮೇಲೆ ಕೈಯಿಟ್ಟು ಕುಕ್ಕರುಗಾಲಲ್ಲಿ ಕೂತರು.

ಕಷ್ಟವಾದದ್ದು ಒಂದೇ. ಇನ್ನೊಬ್ಬರು ಹೊಡೆಯುವಾಗ ಮಾತಾಡಬಾರದು, ಅಲ್ಲಾಡಬಾರದು, ನೆರಳೂ ಅವರ ಚೆಂಡಿನ ದಾರಿಗೆ ಬೀಳಬಾರದು. ನೆರಳಿಗೂ ಬಾಯಿ ಇದೆಯೇನಮ್ಮ ಎಂದು ಕೇಳಿದಳು. ಕೋಚ್ ನಗಲಿಲ್ಲ. ಅಂತೂ ಬ್ರೇಕಮ್ಮ ಹಲ್ಲು ಕಚ್ಚಿ ಅದನ್ನೂ ಕಲಿತಳು. ಮಿಕ್ಕ ಹೊತ್ತಿನಲ್ಲಿ ಅಣ್ಣನಿಗೆ ಹೇಳಬೇಕಾದ್ದನ್ನು ಕಾರಿನಲ್ಲೇ ಗಟ್ಟಿಯಾಗಿ ಅಭ್ಯಾಸ ಮಾಡಿದಳು. ಯಾರಿಗೋಸ್ಕರ ಮಾಡಿದೆ ನಾನು, ನನಗೋಸ್ಕರವಾ, ಎಂದು ಅವಳು ಒಮ್ಮೆಲೇ ಗುಡುಗಿದಾಗ ಸ್ಟೀರಿಂಗ್ ಹಿಡಿದಿದ್ದ ಪಾಪದ ಬ್ಯಾಂಕ್ ಮ್ಯಾನೇಜರು ತಾನು ಮಾಡಿದ ತಪ್ಪೇನೆಂದು ತಿಳಿಯದೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಕ್ಷಮೆ ಕೇಳಿದ.

ಆ ದಿನ ಬಂತು. ಬಿಳಿ ಟೋಪಿ, ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟು ಹಾಕಿಕೊಂಡು ಅಣ್ಣ ಮೊದಲೇ ಬಂದು ನಿಂತಿದ್ದ. ಇವಳನ್ನು ನೋಡಿ ಹೂಂ ಎಂದ. ಬ್ರೇಕಮ್ಮ ಸೆರಗಿಲ್ಲದಿದ್ದರೂ ಸೆರಗು ಬಿಗಿದವಳಂತೆ ಮಾತಿಗೆ ಸಿದ್ಧಳಾದಳು. ಅಷ್ಟರಲ್ಲಿ ಅವನು ಚೆಂಡಿನ ಮುಂದೆ ನಿಂತ. ಬಾಯಿ ಮುಚ್ಚಬೇಕಾಯಿತು. ಅವನ ಚೆಂಡು ನೆಟ್ಟಗೆ ಹೋಯಿತು, ಇವಳದು ಬಲಗಡೆಯ ಮರಗಳ ನಡುವೆ ನುಗ್ಗಿತು. ಅವನು ಅವನ ಚೆಂಡಿನ ಕಡೆ ನಡೆದ, ಇವಳು ಇವಳ ಚೆಂಡು ಹುಡುಕಿಕೊಂಡು ಪೊದೆಗೆ ಹೋದಳು. ಹಾಳಾದ್ದು, ಗಾಲ್ಫಿನಲ್ಲಿ ಜೊತೆಯಾಗಿ ನಡೆಯುವುದೆಂದರೆ ಚೆಂಡುಗಳು ಜೊತೆಯಾಗಿ ಬಿದ್ದಾಗ ಮಾತ್ರ ಎಂಬುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ!

ಹಾಗೆಂದು ಎದೆಗುಂದುವವಳೇ ಅವಳು? ಮಾತಾಡಲು ಆಗದಿದ್ದರೆ ಮರ್ಯಾದೆಯಿಂದಲೇ ಗೆಲ್ಲುತ್ತೇನೆ ಎಂದು ಹಟ ಹಿಡಿದಳು. ಕಿತ್ತ ಹೆಂಟೆಗಳನ್ನೆಲ್ಲ ಮುಚ್ಚಿದಳು, ಬೇರೆ ಯಾರೋ ಕಿತ್ತಿದ್ದನ್ನೂ ಮುಚ್ಚಿದಳು. ಮರಳನ್ನು ಎಷ್ಟು ನುಣ್ಣಗೆ ಎಳೆದಳೆಂದರೆ ಅಣ್ಣ ಒಂದು ಗಳಿಗೆ ನಿಂತು ನೋಡಿ, ಸರಿಯಾಗಿದೆ ಎಂದ. ಹೂಂಗಿಂತ ಅದು ಉದ್ದದ ಮಾತು. ಬ್ರೇಕಮ್ಮ ಉಬ್ಬಿಹೋದಳು. ಸುತ್ತು ಮುಗಿಯುತ್ತಾ ಬಂದಿದ್ದರೂ ತನ್ನ ಕೈ ಮೇಲಾಗುತ್ತಿದೆ ಎಂದೇ ಅವಳ ಎಣಿಕೆ.

ಕೊನೆಯ ಗುಂಡಿಯ ಹತ್ತಿರ ಅದೃಷ್ಟವೂ ಖುಲಾಯಿಸಿತು. ಇಬ್ಬರ ಚೆಂಡೂ ಗ್ರೀನಿನ ಮೇಲೆ, ಎಂದರೆ ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಬಂದು ಕೂತವು. ಅವಳದು ದೂರ, ಅವಳದೇ ಸರದಿ. ಚೀಲದಿಂದ ಪಟರ್, ಎಂದರೆ ಚೆಂಡನ್ನು ಮೆಲ್ಲಗೆ ತಳ್ಳುವ ಕೋಲು, ತೆಗೆದುಕೊಂಡು ಬರುವಷ್ಟರಲ್ಲಿ ಅಣ್ಣ ತನ್ನ ಚೆಂಡನ್ನು ಎತ್ತಿಕೊಂಡು, ಬೆನ್ನು ತಿರುಗಿಸಿ ಟವೆಲಿನಿಂದ ಒರೆಸುತ್ತಿದ್ದ. ಬ್ರೇಕಮ್ಮ ತನ್ನ ಚೆಂಡಿನ ದಾರಿಯನ್ನು ಕಣ್ಣಲ್ಲೇ ಗುಡಿಸಿದಳು. ಒಣಗಿದ ಎಲೆಯೊಂದಿತ್ತು, ಎತ್ತಿದಳು. ಕಡ್ಡಿಯೊಂದಿತ್ತು, ಎತ್ತಿದಳು. ಮಾಸಿದ ನಾಣ್ಯವೊಂದು ಬಿದ್ದಿತ್ತು, ಪಾಪ ಯಾರದೋ ಜೇಬಿಂದ ಜಾರಿದ್ದು ಎಂದು ಅದನ್ನೂ ಎತ್ತಿ ಜೇಬಿಗೆ ಹಾಕಿಕೊಂಡಳು. ಆಮೇಲೆ ಉಸಿರು ಹಿಡಿದು ಮೆಲ್ಲಗೆ ತಳ್ಳಿದಳು. ಚೆಂಡು ಆ ಹುಲ್ಲಿನ ಉದ್ದಕ್ಕೂ ಉರುಳಿ, ಗುಂಡಿಯ ಅಂಚಿನಲ್ಲಿ ಅನುಮಾನಿಸಿ, ಟಣ್ಣೆಂದು ಒಳಗೆ ಬಿತ್ತು. ಆಹಾ, ಆ ಸದ್ದು! ಮಗಳು ಇರಬೇಕಿತ್ತು ನೋಡಲು ಎಂದುಕೊಂಡಳು.

ಅಣ್ಣ ಚೆಂಡು ಹಿಡಿದು ತಿರುಗಿದ. ಬಗ್ಗಿ ನೋಡಿದ, ಅತ್ತ ನೋಡಿದ, ಇತ್ತ ನೋಡಿದ. ಇಲ್ಲೊಂದು ನಾಣ್ಯ ಇತ್ತಲ್ಲ ಎಂದ.

"ಬಿದ್ದಿತ್ತು, ಎತ್ತಿಟ್ಕೊಂಡೆ. ನಿಂದಾ?" ಎಂದು ಬ್ರೇಕಮ್ಮ ಜೇಬಿಂದ ತೆಗೆದು ಹೆಮ್ಮೆಯಿಂದಲೇ ಚಾಚಿದಳು.

ಇನ್ನೊಬ್ಬರ ದಾರಿಗೆ ಅಡ್ಡವಾದ ಚೆಂಡನ್ನು ಎತ್ತಿಕೊಂಡು, ಅದು ಇದ್ದ ಜಾಗದಲ್ಲಿ ಗುರುತು ಇಡುವ ಪಾಠವನ್ನು ಕೋಚ್ ಮಾಡಿದ್ದಳು. ಆದರೆ ತರಗತಿಯಲ್ಲಿ ಗುರುತಿಗೆ ಇಡುತ್ತಿದ್ದದ್ದು ಕೆಂಪು ಪ್ಲಾಸ್ಟಿಕ್ ಬಿಲ್ಲೆ. ಹಳಬರು ನಾಣ್ಯ ಇಡುತ್ತಾರೆಂದು ಬ್ರೇಕಮ್ಮನಿಗೆ ಹೇಗೆ ಗೊತ್ತಾಗಬೇಕು? ಅಣ್ಣನ ಮುಖ ನೋಡಿದಾಗ ಗೊತ್ತಾಯಿತು. ಕೈ ಚಾಚಿದಲ್ಲೇ ಉಳಿಯಿತು.

"ಬಿದ್ದಿರಲಿಲ್ಲ," ಎಂದ ಅಣ್ಣ. "ಇಟ್ಟಿದ್ದೆ."

ಅಷ್ಟಕ್ಕೇ ನಿಲ್ಲಿಸಲಿಲ್ಲ ಅವನು. ಮೂರು ವರ್ಷ ಹೂಂ ಎಂದವನು ಈಗ ಬಾಯಿ ಬಿಟ್ಟ. "ನಿನ್ನ ಕಣ್ಣಿಗೆ ಎಲ್ಲಾ ಬಿದ್ದಿರೋ ಹಾಗೇ ಕಾಣುತ್ತೆ. ಯಾರಾದ್ರೂ ಇಟ್ಟಿರಬಹುದು ಅಂತ ಒಂದು ಸಲನೂ ಅನ್ಸಲ್ವಾ ನಿಂಗೆ?"

ಅವನು ನಾಣ್ಯದ ಮಾತಾಡುತ್ತಿಲ್ಲ ಎಂದು ತಿಳಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ. ಕಾರಿನಲ್ಲಿ ಕೂತು ಉರು ಹೊಡೆದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಯಾರಿಗೋಸ್ಕರ ಮಾಡಿದೆ ನಾನು! ಅದನ್ನು ಹೇಳಲೆಂದೇ ಅಲ್ಲವೇ ಇಷ್ಟು ದೂರ ಬಂದದ್ದು? ಆದರೆ ಚೆಂಡು ಕೈಯಲ್ಲಿ ಹಿಡಿದು, ಅದನ್ನು ಎಲ್ಲಿ ಇಡಬೇಕೆಂದು ತೋಚದೆ ನಿಂತ ಅಣ್ಣನನ್ನು ನೋಡಿದಾಗ ಆ ಮಾತು ಹೊರಡಲಿಲ್ಲ. ಅಂದು ಕೋಣೆಯಲ್ಲಿಯೂ ಅವನು ಹೀಗೇ ನಿಂತಿದ್ದ, ಸೂಟ್‌ಕೇಸು ಎಲ್ಲಿ ಇಡಬೇಕೆಂದು ತಿಳಿಯದೆ. ಇವನಿಗೆ ಮಲಗಲು ಜಾಗ ಮಾಡಿಕೊಟ್ಟೆ, ಅಳಲು ಒಂದು ಜಾಗ ಬಿಡಲಿಲ್ಲವಲ್ಲ ಎಂದು ಬ್ರೇಕಮ್ಮನಿಗೆ ಮೊದಲ ಬಾರಿಗೆ ಅನ್ನಿಸಿತು.

ಇರಲಿ ಬಿಡು, ಎಲ್ಲೋ ಒಂದು ಕಡೆ ಇಟ್ಟು ಆಡಿ ಮುಗಿಸುತ್ತೇನೆ ಎಂದು ಅಣ್ಣ ಬಗ್ಗಿದ.

ಎಲ್ಲೋ ಒಂದು ಕಡೆ ಯಾಕೆ ಎಂದು ಬ್ರೇಕಮ್ಮ ಅವನನ್ನು ತಡೆದಳು. ಹುಲ್ಲಿನ ಮೇಲೆ ಮಂಡಿಯೂರಿ, ಒಂದಿಷ್ಟೂ ಹುಡುಕದೆ, ನಾಣ್ಯವನ್ನು ಇಟ್ಟಳು. ಮುಂದೆ, ಹಿಂದೆ, ಎರಡೂ ಪಕ್ಕ ಒಟ್ಟಿಗೆ ನೋಡಿಕೊಂಡು ವರ್ಷಗಟ್ಟಲೆ ಕಾರಿನಲ್ಲಿ ಕೂತವಳು ಅವಳು. ಕಣ್ಣಿಗೆ ಒಮ್ಮೆ ಬಿದ್ದ ವಸ್ತು ಎಲ್ಲಿತ್ತೋ ಅಲ್ಲೇ ಅವಳ ತಲೆಯಲ್ಲಿ ಇದ್ದುಬಿಡುತ್ತಿತ್ತು. ಅಣ್ಣ ನಂಬಿಕೆಯಿಲ್ಲದೆ ನೋಡಿದ. ಅಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀಯ ಎಂದ.

"ನಾನು ಎತ್ತಿದ ವಸ್ತು ಎಲ್ಲಿತ್ತು ಅಂತ ನಂಗೆ ಗೊತ್ತಿರುತ್ತೆ ಅಣ್ಣ," ಎಂದಳು. ಮೇಲೇಳಲಿಲ್ಲ. "ಅಮ್ಮನ ಕನ್ನಡಕ ಕಿಟಕಿ ಕಟ್ಟೆ ಮೇಲಿತ್ತು. ಗಾಜು ಕೆಳಗೆ ಮಾಡಿ ಇಟ್ಟಿದ್ಲು, ಎಷ್ಟು ಸಲ ಬೈದ್ರೂ ಹಾಗೇ ಇಡ್ತಿದ್ಲು. ಚಪ್ಪಲಿ ಮಂಚದ ಕೆಳಗೆ, ಒಂದು ಗೋಡೆ ಕಡೆ ತಿರುಗಿತ್ತು."

ಹಿಂದಿನಿಂದ ಆಡಿಕೊಂಡು ಬಂದ ಗುಂಪೊಂದು ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿತ್ತು. ಅಣ್ಣ ತಲೆಯೆತ್ತಿ, ನೀವು ಆಡಿ ಮುಂದೆ ಹೋಗಿ ಎಂದು ಕೈ ಬೀಸಿದ. ಚೆಂಡನ್ನು ಜೇಬಿಗೆ ಹಾಕಿ, ತಂಗಿಯ ತೋಳು ಹಿಡಿದು ಎಬ್ಬಿಸಿ, ಗ್ರೀನಿನ ಪಕ್ಕದ ದಿಣ್ಣೆಯ ಮೇಲೆ ಕೂತ. ಇಸ್ತ್ರಿಯ ಪ್ಯಾಂಟು ಹಸಿ ಹುಲ್ಲಿಗೆ ತಾಗಿದ್ದನ್ನೂ ಲೆಕ್ಕಿಸಲಿಲ್ಲ.

ನಾನು ಕಳಿಸಿದ ರೇಡಿಯೋ ಎಲ್ಲಿತ್ತು ಎಂದು ಕೇಳಿದ. ಯಾವುದೋ ಬಂದರಿನಲ್ಲಿ ಕೊಂಡು ಅಮ್ಮನಿಗೆ ಕಳಿಸಿದ್ದ ಪುಟ್ಟ ರೇಡಿಯೋ ಅದು.

"ದಿಂಬಿನ ಮೇಲೆ."

"ದಿಂಬಿನ ಪಕ್ಕದಲ್ಲಾ?"

"ಮೇಲೇ. ನಡುವೆ ರೇಡಿಯೋ, ಅಂಚಲ್ಲಿ ಅವಳ ತಲೆ. ಕತ್ತು ನೋಯುತ್ತೆ ಕಣಮ್ಮ ಅಂದ್ರೆ ಕೇಳ್ತಾನೇ ಇರ್ಲಿಲ್ಲ. ಹಡಗಿನವರಿಗೆ ಸಮುದ್ರದ ಗಾಳಿ ಹೇಗಿದೆ ಅಂತ ಹೇಳ್ತಾರಲ್ಲ, ಅದು ಮುಗಿಯೋ ತನಕ ಕಣ್ಣು ಮುಚ್ಚುತ್ತಿರಲಿಲ್ಲ."

ಅಣ್ಣ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡ. ಅವನ ಭುಜ ಅಲುಗುವುದನ್ನು ನೋಡುತ್ತಾ ಬ್ರೇಕಮ್ಮ ಪಕ್ಕದಲ್ಲಿ ಕೂತಳು, ಅವಳ ಕಣ್ಣಲ್ಲೂ ನೀರು ಧಾರಾಕಾರವಾಗಿ ಇಳಿಯಿತು. ನಿನ್ನನ್ನು ಕೇಳಬೇಕಿತ್ತು ಅಣ್ಣ, ನೀನು ಬರುವ ತನಕ ಮುಟ್ಟಬಾರದಿತ್ತು ಎಂದಳು. ಅವನು ಟೋಪಿಯೊಳಗಿಂದಲೇ ತಲೆಯಾಡಿಸಿದ. ಎದುರಿಗೆ ಆ ಗುಂಪಿನವರು ಬಂದು, ಆಡಿ, ಇವರಿಬ್ಬರತ್ತ ನೋಡದೆ ಮರ್ಯಾದೆಯಿಂದ ಹೊರಟುಹೋದರು. ಬ್ರೇಕಮ್ಮ ಮೂಗು ಒರೆಸಿಕೊಂಡು, ಮೇಜಿನ ಮೇಲೆ ನೀರಿನ ಲೋಟ, ಅದರ ಪಕ್ಕ ಬಾಚಣಿಗೆ ಎಂದು ಮತ್ತೆ ಶುರು ಮಾಡಿದಳು.

"ಹಾಗಲ್ಲ," ಎಂದು ಅಣ್ಣ ಅವಳ ಕೈ ಹಿಡಿದುಕೊಂಡ. "ಬಾಗಿಲಿಂದ ಶುರು ಮಾಡು. ಒಳಗೆ ಬಂದ ತಕ್ಷಣ ಎಡಗಡೆ ಏನಿತ್ತು?"