ಏಳನೇ ಪುಟ

ಬೆಳಿಗ್ಗೆ ಎಂಟಕ್ಕೆ ಫೋನು ಬಂದಾಗ ತಮ್ಮಾಮ್ ಕನ್ನಡಿ ಮುಂದೆ ನಿಂತು ಟೈ ಕಟ್ಟಿಕೊಳ್ಳುತ್ತಿದ್ದ. ಆ ಕಡೆಯಿಂದ ಲಾರಿಗಳ ಹಾರನ್ನು, ಯಾರೋ ಯಾರನ್ನೋ ಬೈಯುವ ಸದ್ದು, ಅದರ ನಡುವೆ ಹಳೇ ಗೆಳತಿ ರಫೀಫ್‌ಳ ದನಿ.

"ಗಡಿಯಿಂದ ವಾಪಸ್ ಕಳಿಸ್ತಿದಾರೆ ಕಣೋ. ಆಹ್ವಾನ ಪತ್ರ ತೋರಿಸಿದ್ರೆ, 'ಸಾಬೂನಿನ ಇತಿಹಾಸಕ್ಕೆ ಬೈರೂತ್ ಯಾಕಮ್ಮಾ, ಅಲೆಪ್ಪೋದಲ್ಲೇ ತೊಳ್ಕೊಳ್ಳಿ' ಅಂತಾನೆ ಆ ಪುಣ್ಯಾತ್ಮ. ನನ್ನ ಪ್ರಬಂಧ ಕಳಿಸಿದೀನಿ. ನೀನೇ ಓದ್ಬೇಕು."

"ನಾನಾ? ಬೇರೆ ಯಾರಾದ್ರೂ..."

"ಬೇರೆ ಯಾರೂ ಬೇಡ. ಏನು ಬಿಟ್ರೂ ಏಳನೇ ಪುಟ ಬಿಡಬೇಡ. ಅದನ್ನ ಪೂರ್ತಿ..."

ಲೈನು ಕಡಿಯಿತು.

ಇದೇನು ಹೊಸದಲ್ಲ. ಬೈರೂತಿನ ಗುಡ್ಡದ ಮೇಲಿನ ಹಳೇ ಬಂಗಲೆಯಲ್ಲಿ ಪರದೇಶದವರು ಸಂಶೋಧನಾ ಸಂಸ್ಥೆ ತೆರೆದಂದಿನಿಂದ, ಒಬ್ಬರಾದರೂ ಗಡಿಯಲ್ಲಿ ಸಿಕ್ಕಿಹಾಕಿಕೊಳ್ಳದ ವಿಚಾರ ಸಂಕಿರಣ ನಡೆದೇ ಇಲ್ಲ. ಮೇಜಿನ ಮೇಲೆ ಬಾರದವರ ಹೆಸರಿನ ಫಲಕ ಇಡುತ್ತಾರೆ, ಬಂದವರೊಬ್ಬರು ಅವರ ಪ್ರಬಂಧ ಓದುತ್ತಾರೆ. ಯುರೋಪಿನಿಂದ ಬಂದ ವಿದ್ವಾಂಸರು ಮಾತ್ರ ಪ್ರತಿ ಸಲವೂ ಆಶ್ಚರ್ಯಪಡುತ್ತಾರೆ.

ಆದರೆ ತಮ್ಮಾಮನಿಗೆ ಇವತ್ತು ಬೇರೆಯವರ ಗೊಡವೆ ಬೇಡವಾಗಿತ್ತು. ಆ ಸಂಸ್ಥೆಯಲ್ಲಿ ಆರಾರು ತಿಂಗಳ ಕರಾರಿನಲ್ಲೇ ಒಂಬತ್ತು ವರ್ಷ ಸವೆಸಿದ್ದ. ಖಾಯಂ ಹುದ್ದೆ ಯಾರಿಗೆಂದು ನಿರ್ದೇಶಕಿ ಉಲ್ರಿಕೆ ಮತ್ತು ಸಮಿತಿಯವರು ಸಂಜೆ ತೀರ್ಮಾನಿಸುವವರಿದ್ದರು. ಅವನ ಬಂಡವಾಳ ಒಂದೇ ಒಂದು ಪುಸ್ತಕ. ಇನ್ನೂರೈವತ್ತು ವರ್ಷದ ಹಿಂದೆ ಅಲೆಪ್ಪೋದ ಸಾಬೂನು ಕುದಿಸುವವರ ಸಂಘಕ್ಕೆ ಹಲೀಮಾ ಎಂಬ ಹೆಂಗಸು ಮುಖ್ಯಸ್ಥೆಯಾಗಿದ್ದಳೆಂದು ಅದರಲ್ಲಿ ಸಾರಿದ್ದ. ಯುದ್ಧದ ದಿನಗಳಲ್ಲಿ ಸಂಘದ ಹಳೇ ದಾಖಲೆ ಪುಸ್ತಕ, ಅಂದರೆ ದಫ್ತರ, ಯಾರ ಕೈಗೂ ಸಿಗುತ್ತಿರಲಿಲ್ಲ. ಅದಕ್ಕೂ ಮುಂಚೆ, ಓದುವ ಕಾಲದಲ್ಲಿ, ರಫೀಫ್ ಕೈಯಾರೆ ನಕಲು ಮಾಡಿಟ್ಟಿದ್ದ ಹಾಳೆಗಳನ್ನೇ ನಂಬಿ ಬರೆದಿದ್ದ.

ಕಾಫಿ, ನಕಲು ಯಂತ್ರ ಎರಡನ್ನೂ ನೋಡಿಕೊಳ್ಳುವ ಮುದುಕ ಅಬು ಜರೀಸ್, ಗೋಷ್ಠಿ ಶುರುವಾಗಲು ಐದು ನಿಮಿಷವಿರುವಾಗ ರಫೀಫ್‌ಳ ಪ್ರಬಂಧ ಮುದ್ರಿಸಿ ತಂದು ಕೈಗಿಟ್ಟ.

"ತಗೊಳ್ಳಿ ಉಸ್ತಾದ್, ಬಿಸಿಬಿಸಿ. ಕರೆಂಟು ಎರಡು ಸಲ ಹೋಯ್ತು. ಸಾಬೂನೇ ಕುದಿಸಿಬಿಡಬಹುದಿತ್ತು, ಅಷ್ಟು ಹೊತ್ತು."

ತಮ್ಮಾಮ್ ನೇರ ಏಳನೇ ಪುಟಕ್ಕೆ ಹೋದ. ಮೊದಲ ಸಾಲಿನಲ್ಲೇ ಅವನ ಹೆಸರು. "ಹಲೀಮಾ ಸಂಘದ ಮುಖ್ಯಸ್ಥೆ ಎಂದು ತಮ್ಮಾಮ್ ಬರೆದಿರುವುದು ತಪ್ಪು. ಮೂಲ ದಫ್ತರವನ್ನು ನಾನೀಗ ಕಣ್ಣಾರೆ ಕಂಡಿದ್ದೇನೆ. ಆಕೆ ಸತ್ತ ಗಂಡನ ಕಡಾಯಿ ಮಾರಲು ಬಂದ ವಿಧವೆ, ಅಷ್ಟೇ."

ಮುಂದಕ್ಕೆ ಓದಲಾಗಲಿಲ್ಲ. ಕಿವಿ ಕಾದು ಕೆಂಪಾಯಿತು. ಹಾಳೆ ಕೊಟ್ಟವಳೂ ಅವಳೇ, ಈಗ ಗುಂಡಿ ತೋಡುವವಳೂ ಅವಳೇ! ಅದೂ ಇವತ್ತು, ನನ್ನ ಬೆರಳಿಂದಲೇ ನನ್ನ ಕಣ್ಣು ತಿವಿಸುತ್ತಾಳಲ್ಲ! ಅಷ್ಟರಲ್ಲಿ ಗೋಷ್ಠಿಯ ಗಂಟೆ ಹೊಡೆಯಿತು.

ಅಧ್ಯಕ್ಷತೆ ಎಲ್ಲರೂ 'ಉಸ್ತಾದಾ' ಎಂದು ಕರೆಯುವ ಹಿರಿಯ ಪ್ರಾಧ್ಯಾಪಕಿ ಹಸ್ನಾ ಅವರದು. ಎಪ್ಪತ್ತೆಂಟರ ಈ ಮಹಾತಾಯಿ ಒಮ್ಮೆ ಮಂತ್ರಿಯ ಭಾಷಣವನ್ನೇ ಅರ್ಧಕ್ಕೆ ನಿಲ್ಲಿಸಿದವರು. ಅವರ ಮುಂದೆ ಎರಡು ಚೀಟಿ: 'ಐದು ನಿಮಿಷ', 'ಮುಗಿಯಿತು'.

ತಮ್ಮಾಮ್ ಓದತೊಡಗಿದ. ಎರಡನೇ ಪುಟ, ಮೂರನೇ ಪುಟ. ಒಂದೊಂದು ಹಾಳೆ ಮಗುಚಿದಾಗಲೂ ಏಳಕ್ಕೆ ಇನ್ನೆಷ್ಟು ಎಂದು ಎಣಿಸುತ್ತಿದ್ದ. ಮುಂದಿನ ಸಾಲಿನಲ್ಲಿ ಉಲ್ರಿಕೆ ಪೆನ್ನು ಹಿಡಿದು ಕೂತಿದ್ದರು. ಆರನೇ ಪುಟದ ಕೊನೆಗೆ ಬರುವುದಕ್ಕೂ ಹಸ್ನಾ ಮೊದಲನೇ ಚೀಟಿ ಎತ್ತುವುದಕ್ಕೂ ಸರಿಹೋಯಿತು.

ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತ್ತು.

"ಸಮಯದ ಅಭಾವದಿಂದ ಒಂದೆರಡು ಪುಟ ಬಿಟ್ಟು ಮುಂದಕ್ಕೆ ಹೋಗುತ್ತೇನೆ," ಅಂದ. ಯಾರೂ ಹುಬ್ಬೇರಿಸಲಿಲ್ಲ. ಪುಟ ಬಿಡದ ವಿದ್ವಾಂಸನನ್ನು ಯಾರು ಕಂಡಿದ್ದಾರೆ? ಒಂಬತ್ತನೇ ಪುಟವನ್ನು ಸರಾಗವಾಗಿ, ಕೈ ಆಡಿಸಿಕೊಂಡು ಓದಿದ. ಕೊನೆಯ ಪುಟದ ಕೊನೆಯ ಪ್ಯಾರಾಕ್ಕೂ ಅದೇ ಭರದಲ್ಲಿ ನುಗ್ಗಿದ.

"ಏಳನೇ ಪುಟದಲ್ಲಿ ಒಪ್ಪಿಕೊಂಡಂತೆ, ಆ ತಪ್ಪು ತಮ್ಮಾಮನದಲ್ಲ, ನನ್ನದು. ಕೇಳಿದವರು ಅವನನ್ನು ದೂರಬಾರದೆಂದು..."

ಬಿಟ್ಟಿದ್ದ ಹಾಳೆಯತ್ತ ಅವನ ಕೈ ಹೋಯಿತು.

"ಯಾವ ತಪ್ಪು?" ಉಲ್ರಿಕೆ ಕೇಳಿದರು. "ಏಳನೇ ಪುಟ ನೀವು ಓದಲೇ ಇಲ್ಲವಲ್ಲ?"

ಯಾವುದೋ ಒಂದು ತಾರೀಖಿನ ತಪ್ಪು ಎಂದು ತೇಲಿಸಿಬಿಡುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಸಾಲದ್ದಕ್ಕೆ ಹಸ್ನಾ ಎರಡನೇ ಚೀಟಿಯನ್ನೂ ಎತ್ತಿದರು. ಕೂತುಬಿಟ್ಟರೆ ಮುಗಿಯಿತು. ಗಡಿಯ ಬಿಸಿಲಲ್ಲಿ ನಿಂತು ಕೂಗುತ್ತಿದ್ದವಳ ದನಿ ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಉಸ್ತಾದಾ, ಒಂದು ಪುಟ ಬಾಕಿ ಇದೆ."

"ಸಮಯ ಮುಗೀತಪ್ಪ."

"ಸಮಯ ಸಾಲದೆ ಬಿಟ್ಟಿದ್ದಲ್ಲ. ಅದರಲ್ಲಿ ನನ್ನ ತಪ್ಪು ಬರೆದಿತ್ತು, ಅದಕ್ಕೇ ಬಿಟ್ಟೆ."

ಹಸ್ನಾ ಅವನನ್ನೇ ನೋಡಿದರು. ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಹಾಗಾದ್ರೆ ಓದು. ನಿಧಾನಕ್ಕೆ ಓದು."

ಓದಿದ. ವಿಧವೆಯ ಕಡಾಯಿಯ ಮಾತು ದಾಟಿ, ತಾನು ನೋಡದೇ ಬಿಟ್ಟಿದ್ದ ಕೆಳಗಿನ ಅರ್ಧಕ್ಕೆ ಬಂದ. "ಇಪ್ಪತ್ತೆರಡನೇ ವಯಸ್ಸಿನಲ್ಲಿ, ಕೈ ಮರಗಟ್ಟುವ ಚಳಿಯಲ್ಲಿ ಈ ದಫ್ತರ ನಕಲು ಮಾಡುವಾಗ ನನ್ನ ಕಣ್ಣು ಒಂದು ಸಾಲು ಹಾರಿತು. ಮೇಲಿನ ಸಾಲಿನ ಹೆಸರು ಕೆಳಗಿನ ಸಾಲಿನ ಪದವಿಗೆ ಅಂಟಿಕೊಂಡಿತು. ಗೆಳೆಯ ನನ್ನನ್ನು ನಂಬಿದ. ಅವನು ಮಾಡಿದ ತಪ್ಪು ಅದೊಂದೇ."

ಚಪ್ಪಾಳೆ ಬೀಳಲಿಲ್ಲ. ಉಲ್ರಿಕೆ ಪೆನ್ನಿನ ಮುಚ್ಚಳ ಹಾಕಿ, ಅವನ ಕಡೆ ನೋಡದೆ ಎದ್ದು ಹೋದರು.

ಹೊರಗೆ ಅಬು ಜರೀಸ್ ಕೇಳದೆಯೇ ಏಲಕ್ಕಿ ಕಾಫಿ ಕೊಟ್ಟ, ಸಕ್ಕರೆ ಎರಡು ಚಮಚ ಹೆಚ್ಚಿಗೆ ಹಾಕಿ. ಜೇಬಿನಲ್ಲಿ ಫೋನು ನಡುಗಿತು, ಸಂದೇಶ ಬಂದಿತ್ತು. ರಫೀಫ್.

"ಓದಿದ್ಯಾ? ಸಮಿತಿಯೋರು ಇನ್ನು ನಿನ್ನ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ನಿನ್ನ ಬಾಯಿಂದಲೇ ಬಂದ್ರೆ ನಿನ್ನ ಮರ್ಯಾದೆ ಹೆಚ್ಚುತ್ತೆ ಅಂತ ನಿನ್ನ ಕೈಲೇ ಓದಿಸಿದ್ದು ಕಣೋ."

ಅವನು ಕಾಫಿಯನ್ನು ಪಕ್ಕಕ್ಕಿಟ್ಟ. ಆಮೇಲೆ ಬರೆದ:

"ಓದಿದೆ. ಆದ್ರೆ ಮೊದಲು ಹಾರಿಸಿದ್ದೆ. ನಿನ್ನ ಹಾಗೆ ಕಣ್ತಪ್ಪಿ ಅಲ್ಲ."